ಸೊನ್ನೆ ಬಿದ್ದ ಸಂಜೆಗಳು

ನಾವು ಹೈಸ್ಕೂಲು ಓದುತ್ತಿದ್ದ ವರ್ಷಗಳಲ್ಲಿ ಭದ್ರಾವತಿಯ ಜನ ಗಡಿಯಾರವನ್ನು ಅಷ್ಟಾಗಿ ನಂಬುತ್ತಿರಲಿಲ್ಲ. ಕಬ್ಬಿಣದ ಕಾರ್ಖಾನೆಯ ಸೈರನ್ ಕೂಗಿದರೆ ಅಪ್ಪಂದಿರು ಬುತ್ತಿ ಹಿಡಿದು ಸೈಕಲ್ ಹತ್ತುತ್ತಿದ್ದರು, ಇನ್ನೊಂದು ಸಲ ಕೂಗಿದರೆ ಅಮ್ಮಂದಿರು ಅನ್ನಕ್ಕೆ ಎಸರಿಡುತ್ತಿದ್ದರು. ಮಕ್ಕಳು ಆಟಕ್ಕೆ ಹೋಗುವುದು, ಆಟ ಬಿಟ್ಟು ಮನೆಗೆ ಬರುವುದು ಎಲ್ಲಕ್ಕೂ ಅದೇ ಕೂಗು. ಓದುವುದಕ್ಕೆ ಮಾತ್ರ ಯಾವ ಸೈರನ್ನೂ ಇರಲಿಲ್ಲ. ಪರೀಕ್ಷೆಗೆ ಹದಿನೈದು ದಿನ ಇದೆ ಅನ್ನುವಾಗ ಪುಸ್ತಕಕ್ಕೆ ಬೈಂಡು ಹಾಕುವುದು, ಎಂಟು ದಿನ ಇದೆ ಅನ್ನುವಾಗ ಅದನ್ನು ತೆರೆಯುವುದು, ಹಿಂದಿನ ದಿನ ಗಣಪತಿಗೆ ಹರಕೆ ಹೊರುವುದು. ನಿಮ್ಮಲ್ಲೂ ಬಹಳಷ್ಟು ಜನ ಹೀಗೆಯೇ ಪಾಸಾದವರು ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಪ್ಪ ಕೆಲಸ ಮಾಡುತ್ತಿದ್ದದ್ದು ದೊಡ್ಡ ಕಾರ್ಖಾನೆಯಲ್ಲಲ್ಲ. ಊರಿನ ಅಂಚಿನಲ್ಲಿದ್ದ ಒಂದು ಸಣ್ಣ ಎರಕದ ಶೆಡ್ಡಿನಲ್ಲಿ. ಅಲ್ಲಿ ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹೊಯ್ದು ಪಂಪಿನ ಬಿಡಿಭಾಗ ಮಾಡುತ್ತಿದ್ದರು. ಅಪ್ಪನ ಅಂಗಿಯಲ್ಲಿ ಯಾವಾಗಲೂ ಸುಟ್ಟ ಎಣ್ಣೆ ಮತ್ತು ಬಿಸಿ ಮರಳಿನ ವಾಸನೆ. ಶೆಡ್ಡು ಚಿಕ್ಕದಾದರೂ ಅದರ ಮಾಲೀಕರಿಗೆ ದೊಡ್ಡ ಕಾರ್ಖಾನೆಯ ಹಾಗೆ ಕಾಣಬೇಕೆಂಬ ಆಸೆ ಬಹಳ. ಹಾಗಾಗಿ ಗೇಟಿನ ಪಕ್ಕ ಹಳದಿ ಬಣ್ಣದ ಒಂದು ತಗಡಿನ ಬೋರ್ಡು ನಿಲ್ಲಿಸಿದ್ದರು. ಅದರ ಮೇಲೆ "ಅಪಘಾತವಿಲ್ಲದೆ ಕಳೆದ ದಿನಗಳು" ಎಂದು ಬರೆದಿತ್ತು. ಕೆಳಗೆ ಮೂರು ಮೊಳೆ, ಮೊಳೆಗೆ ತೂಗುಹಾಕಿದ ತಗಡಿನ ಅಂಕಿಗಳು. ದಿನಾ ಬೆಳಿಗ್ಗೆ ವಾಚ್‌ಮನ್ ಅಂಕಿ ಬದಲಿಸುತ್ತಿದ್ದ. ಯಾರಿಗಾದರೂ ಪೆಟ್ಟಾದರೆ ಮತ್ತೆ ಸೊನ್ನೆಯಿಂದ ಎಣಿಕೆ.

ಒಂಬತ್ತನೇ ಕ್ಲಾಸಿನ ಬೇಸಿಗೆಯಲ್ಲಿ ಅಪ್ಪನ ಎಡಗೈ ತೋರುಬೆರಳ ತುದಿ ಅಚ್ಚಿನ ಪೆಟ್ಟಿಗೆಯ ಕೆಳಗೆ ಸಿಕ್ಕಿ ಜಜ್ಜಿಹೋಯಿತು. ಬಟ್ಟೆ ಸುತ್ತಿಕೊಂಡು ಮನೆಗೆ ಬಂದ ಅಪ್ಪ ನಾಲ್ಕು ದಿನ ಜ್ವರವೆಂದು ರಜೆ ಬರೆದುಕೊಟ್ಟರು. ಬೋರ್ಡಿನಲ್ಲಿ ಆಗ ಇನ್ನೂರರ ಮೇಲಿತ್ತು.

"ಫೋರ್‌ಮನ್ ಸಾಹೇಬ್ರು ಕೇಳ್ಕೊಂಡ್ರು. ಎಲ್ಲಾರ್ದೂ ಸೇರಿ ಬಂದಿರೋ ನಂಬರು, ನನ್ ಒಬ್ನಿಂದ ಯಾಕೆ ಒಡೀಬೇಕು?" ಎಂದು ಅಪ್ಪ ಅಮ್ಮನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಬೆರಳು ನೋಡಿ ಅತ್ತಳು, ಅಪ್ಪನ ದೊಡ್ಡಗುಣ ನೋಡಿ ಸುಮ್ಮನಾದಳು. ಅಂಥ ಅಪ್ಪನ ಮಗಳೆಂದು ನನಗೆ ಹೆಮ್ಮೆಯಾಯಿತು.

ಮುಂದಿನ ವರ್ಷ ನಾನು ಹತ್ತನೇ ಕ್ಲಾಸಿಗೆ ಬಂದೆ. ಹಿಂದಿನ ಬ್ಯಾಚಿನಲ್ಲಿ ಅರ್ಧಕ್ಕರ್ಧ ಜನ ಗಣಿತದಲ್ಲಿ ಡುಮ್ಕಿ ಹೊಡೆದಿದ್ದರು. ಅದಕ್ಕೋ ಏನೋ, ಹಳೇ ಮೇಷ್ಟ್ರು ವರ್ಗವಾಗಿ ವಿಶಾಲಾಕ್ಷಿ ಮಿಸ್ ಬಂದರು. ಶಿವಮೊಗ್ಗದ ದುರ್ಗಿಗುಡಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಅವರು ತೆಳ್ಳಗೆ, ಎತ್ತರಕ್ಕೆ ಇದ್ದರು. ಇಸ್ತ್ರಿ ಹಾಕಿದ ಕಾಟನ್ ಸೀರೆ, ಹೆಗಲಿಗೊಂದು ಬಟ್ಟೆಯ ಚೀಲ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಹಾಗಾಗಿ ಮೊದಲ ನಾಲ್ಕು ತಿಂಗಳು ನಾವು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ದೀಪಾವಳಿ ರಜೆ ಮುಗಿಸಿ ಹೋದ ದಿನ ಮಿಸ್ ಹಾಜರಿ ಪುಸ್ತಕವನ್ನು ಪಕ್ಕಕ್ಕಿಟ್ಟು ಕೇಳಿದರು.

"ಬಸ್ಸಲ್ಲಿ ಬರುವಾಗ ದಿನಾ ಒಂದು ಹಳದಿ ಬೋರ್ಡ್ ನೋಡ್ತೀನಿ. ಏನ್ರೇ ಅದು?"

ಕ್ಲಾಸ್ ಲೀಡರ್ ಆಗಿದ್ದ ನಾನೇ ಎದ್ದು ವಿವರಿಸಿದೆ. ಮಿಸ್ ತಲೆಯಾಡಿಸುತ್ತ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ನಮಗೂ ಅಂಥದ್ದೊಂದು ಬೇಕಲ್ಲ ಶೈಲಾ."

ಅವರ ನಿಯಮ ಸರಳವಾಗಿತ್ತು. ಕ್ಲಾಸಿನ ಮೂವತ್ತೆಂಟು ಜನವೂ ಸಂಜೆ ಏಳರಿಂದ ಎಂಟರವರೆಗೆ ಓದಬೇಕು. ಯಾವ ವಿಷಯವಾದರೂ ಸರಿ. ಎರಡು ಗಂಟೆ ಓದಿದವರಿಗೆ ಹೆಚ್ಚಿನ ಮರ್ಯಾದೆಯಿಲ್ಲ. ಬೆಳಿಗ್ಗೆ ಲೀಡರ್ ಕೇಳುತ್ತಾಳೆ. ಓದದೇ ಇದ್ದವರು ಎದ್ದು ನಿಂತು ಹೇಳಬೇಕು. ಎಲ್ಲರೂ ಓದಿದ್ದರೆ ಬೋರ್ಡಿನಲ್ಲಿ ಒಂದು ದಿನ ಏರುತ್ತದೆ. ಒಬ್ಬರು ತಪ್ಪಿದರೂ ಸೊನ್ನೆ. ಸೋಮವಾರದ ದಿನ ಶನಿವಾರ, ಭಾನುವಾರ ಎರಡರದ್ದೂ ಕೇಳುವುದು. ಎಪ್ಪತ್ತೈದು ದಿನ ಮುಟ್ಟಿದರೆ ಸಕ್ರೆಬೈಲಿಗೆ ಆನೆ ನೋಡಲು ಟೂರು.

"ತಪ್ಪಿದವರಿಗೆ ಏನು ಶಿಕ್ಷೆ ಮಿಸ್?" ಎಂದು ಹಿಂದಿನ ಬೆಂಚಿನ ಇರ್ಫಾನ್ ಕೇಳಿದ. ಈ ಪ್ರಶ್ನೆ ಕೇಳುವ ಹಕ್ಕು ಅವನಿಗೇ ಹೆಚ್ಚಾಗಿತ್ತು.

"ಶಿಕ್ಷೆ ಇಲ್ಲ. ಆದ್ರೆ ಸೊನ್ನೆ ಬಿದ್ದ ದಿನ ಯಾಕೆ ಬಿತ್ತು ಅಂತ ನೀವೇ ಅವರ ಮನೆಗೆ ಹೋಗಿ ನೋಡ್ಬೇಕು. ಮತ್ತೆ ಬೀಳದ ಹಾಗೆ ಏನ್ ಮಾಡ್ಬೇಕೋ ಅದನ್ನೂ ನೀವೇ ಮಾಡ್ಬೇಕು. ನಾನು ಐದೂವರೆ ಬಸ್ಸಿಗೆ ಹೋಗ್ತೀನಿ, ನನ್ನ ಕಾಯ್ಬೇಡಿ."

ಅಪ್ಪನ ಶೆಡ್ಡಿನಲ್ಲಿ ಆಗ ತಾನೇ ಹೊಸ ಬೋರ್ಡು ಬಂದಿತ್ತು. ಹಳೆಯದನ್ನು ಅಪ್ಪ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಶಾಲೆಗೆ ತಂದುಕೊಟ್ಟರು. ಮಿಸ್ ಅದರ ಮೇಲೆ ಬಿಳಿ ಬಣ್ಣ ಹೊಡೆಸಿ "ಈ ತರಗತಿ ಬಿಡದೆ ಓದಿದ ದಿನಗಳು" ಎಂದು ಬರೆಸಿದರು. ಅಂಕಿಗಳು ಮಾತ್ರ ಹಳೆಯವೇ.

ನಾಲ್ಕು ದಿನಕ್ಕೇ ಸೊನ್ನೆ ಬಿತ್ತು. ಇರ್ಫಾನ್ ಎದ್ದು ನಿಂತ. ಯಾರದೋ ಮನೆಯ ಟಿವಿಯಲ್ಲಿ ಕ್ರಿಕೆಟ್ ನೋಡುತ್ತ ಕೂತು ಏಳು ಗಂಟೆಯಾದದ್ದೇ ಗೊತ್ತಾಗಲಿಲ್ಲವಂತೆ. ಕ್ಲಾಸಿನವರೆಲ್ಲ ಹೋ ಎಂದು ಕೂಗಿದೆವು. "ಕೂಗಾಡೋದು ನಿಯಮದಲ್ಲಿಲ್ಲ" ಎಂದರು ಮಿಸ್. ಅಂದಿನಿಂದ ಇರ್ಫಾನನ ಬೀದಿಯ ಇಬ್ಬರು ಏಳಕ್ಕೆ ಐದು ನಿಮಿಷ ಮುಂಚೆ ಅವನ ಮನೆ ಮುಂದೆ ನಿಂತು ಸೈಕಲ್ ಬೆಲ್ ಬಾರಿಸತೊಡಗಿದರು. ಅವನ ಅಮ್ಮಿ ಮೂರನೇ ದಿನ, "ಅರೆ, ದಿನಾ ಏನ್ರೋ ಇದು ಮದುವೆ ಬ್ಯಾಂಡು?" ಎಂದು ಕೇಳಿ, ವಿಷಯ ತಿಳಿದ ಮೇಲೆ ಆ ಇಬ್ಬರಿಗೂ ಬಿಸ್ಕತ್ತು ಕೊಡತೊಡಗಿದರು. ಬಿಸ್ಕತ್ತಿನ ಸುದ್ದಿ ಹರಡಿ ಬೆಲ್ ಬಾರಿಸುವವರು ಐದು ಜನರಾದರು.

ಆ ದಿನಗಳ ಮಜವೇ ಬೇರೆ. ಆರೂಮುಕ್ಕಾಲಿಗೆ ಕುಂಟೆಬಿಲ್ಲೆಯ ಮನೆಗಳನ್ನು ಹಾಗೇ ಬಿಟ್ಟು ಹುಡುಗಿಯರು ಓಡುತ್ತಿದ್ದರು. ಧಾರಾವಾಹಿಯ ಹೊತ್ತಿಗೆ ಟಿವಿ ಆರಿಸಬೇಕೆಂದು ಅಮ್ಮಂದಿರಿಗೆ ಸಿಟ್ಟು, ಬಾಯಿ ಬಿಟ್ಟು ಬೇಡವೆನ್ನಲಾರರು. ನಾನು ನಡುಮನೆಯಲ್ಲಿ ಗೋಡೆಗೊರಗಿ ಕೂತರೆ ಅಮ್ಮ ಒಗ್ಗರಣೆ ಅವಲಕ್ಕಿಯ ತಟ್ಟೆಯನ್ನು ಸದ್ದಾಗದ ಹಾಗೆ ಪಕ್ಕಕ್ಕಿಟ್ಟು ಹೋಗುತ್ತಿದ್ದಳು. ಇದೇ ಹೊತ್ತಿಗೆ ಉಳಿದ ಮೂವತ್ತೇಳು ಜನವೂ ಓದುತ್ತಿದ್ದಾರೆ ಎಂಬ ಅರಿವೇ ಒಂದು ಬಗೆಯ ಸುಖವಾಗಿತ್ತು. ಓದು ಇಷ್ಟವಾಯಿತೆಂದು ಹೇಳಲಾರೆ. ಓದದಿದ್ದರೆ ಏನೋ ಮರೆತ ಹಾಗಾಗುತ್ತಿತ್ತು. ಮಿಸ್‌ಗೆ ಬೇಕಾಗಿದ್ದದ್ದೂ ಅಷ್ಟೇ ಇರಬೇಕು.

ಹನ್ನೊಂದು ದಿನವಾದಾಗ ಎರಡನೇ ಸಲ ಸೊನ್ನೆ ಬಿತ್ತು. ಈ ಸಲ ಎದ್ದು ನಿಂತವಳು ಸೆಲ್ವಿ.

ಸೆಲ್ವಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದಳು. ಅವಳ ಅಜ್ಜ ಯಾವಾಗಲೋ ಕಾರ್ಖಾನೆಯ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರು. ಮನೆಯಲ್ಲಿ ತಮಿಳು, ಹೊರಗೆ ನಮ್ಮೆಲ್ಲರಿಗಿಂತ ಚುರುಕಾದ ಕನ್ನಡ. ಉದ್ದ ಜಡೆ, ಎಣ್ಣೆ ಮಿಂಚುವ ಹಣೆ, ನೆಲ್ಲಿಕಾಯಿಗೆ ಉಪ್ಪು ಖಾರ ಹಚ್ಚಿಸಿಕೊಂಡು ಬಂದರೆ ಮೊದಲ ಕಚ್ಚು ನನಗೆ.

"ಓದಿಲ್ಲ ಮಿಸ್. ಪುರುಸೊತ್ತಾಗಿಲ್ಲ" ಎಂದು ಹೇಳಿ, ಕೂತುಕೊಳ್ಳಬಹುದೇ ಎಂದು ಕೇಳಿ, ಕೂತಳು. ಅವಳ ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಮೊಂಡುತನವೂ ಇರಲಿಲ್ಲ.

ಆ ಸಂಜೆ ನಾನು, ಗೀತಾ, ಇರ್ಫಾನ್ ಮೂವರೂ ವಿಚಾರಣೆಗೆ ಹೊರಟೆವು. ಸೆಲ್ವಿ ಮನೆಯಲ್ಲಿರಲಿಲ್ಲ. ನನ್ನ ಅಪ್ಪನ ಶೆಡ್ಡಿಗೆ ಹೋಗುವ ರಸ್ತೆಯ ಮೋರಿಯ ಪಕ್ಕ ತಳ್ಳುಗಾಡಿಯಲ್ಲಿ ಅವಳ ಅಮ್ಮ ಪಡ್ಡು ಹುಯ್ಯುತ್ತಿದ್ದರು. ಗುಳಿಗಳಿದ್ದ ಹಂಚಿಗೆ ಹುಳಿ ಬಂದ ಹಿಟ್ಟು ಬಿದ್ದಾಗ ಏಳುವ ಚುಂಯ್ ಸದ್ದು, ಈರುಳ್ಳಿ ಕರಿಬೇವಿನ ಘಮ, ಪಾಳಿ ಮುಗಿಸಿ ಬಂದವರ ಗುಂಪು. ಸೆಲ್ವಿ ಒಂದು ಕೈಯಲ್ಲಿ ಕಡ್ಡಿ ಹಿಡಿದು ಪಡ್ಡು ಮಗುಚುತ್ತ, ಇನ್ನೊಂದು ಕೈಯಲ್ಲಿ ಚಟ್ನಿ ಬಡಿಸುತ್ತಿದ್ದಳು. ಅವಳ ಅಪ್ಪ ಕಾಯಿಲೆ ಬಿದ್ದ ಅಜ್ಜಿಯನ್ನು ನೋಡಲು ಊರಿಗೆ ಹೋಗಿದ್ದರಂತೆ. ಬರುವವರೆಗೆ ಆರರಿಂದ ಎಂಟೂವರೆ ಅವಳು ಗಾಡಿ ಬಿಡುವ ಹಾಗಿಲ್ಲ.

"ಏಳಕ್ಕೇ ಜನ ಜಾಸ್ತಿ. ಏನ್ ಮಾಡ್ಲಿ ಮಾರಾಯ್ತಿ?" ಎಂದಳು ಸೆಲ್ವಿ.

ಇರ್ಫಾನ್ ಎರಡು ಪ್ಲೇಟು ತಿಂದ ಮೇಲೆ ಪರಿಹಾರ ಹೇಳಿದ. "ನಾವೇ ಇಲ್ಲಿಗೆ ಬರಾಣ."

ಹಾಗೆ ಸೆಲ್ವಿಯ ಗಾಡಿಯ ಹಿಂದಿನ ಮೋರಿಕಟ್ಟೆ ನಮ್ಮ ಓದುವ ಜಾಗವಾಯಿತು. ಬೀದಿದೀಪದ ಕೆಳಗೆ ಗೀತಾ ವಿಜ್ಞಾನವನ್ನು ಗಟ್ಟಿಯಾಗಿ ಓದುತ್ತಿದ್ದಳು. ಸೆಲ್ವಿ ಬೆನ್ನು ತಿರುಗಿಸಿಕೊಂಡೇ ಕೇಳಿಸಿಕೊಂಡು ಪ್ರಶ್ನೆಗೆ ಉತ್ತರ ಕೊಡುತ್ತಿದ್ದಳು. ಅವಳ ಕೈಗೆ ಹದಿನೈದು ನಿಮಿಷ ಬಿಡುವು ಸಿಗಲೆಂದು ಇರ್ಫಾನ್ ತಟ್ಟೆ ತೊಳೆಯಲು ನಿಂತ. ಆ ಹದಿನೈದು ನಿಮಿಷ ನಾನು ಅವಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಉಳಿದೆಲ್ಲ ವಿಷಯದಲ್ಲಿ ಹೇಗೋ ದಾಟಿಕೊಳ್ಳುತ್ತಿದ್ದ ಸೆಲ್ವಿಗೆ ಗಣಿತವೊಂದು ಕಗ್ಗಂಟು. ಸಮೀಕರಣದಲ್ಲಿ ಒಂದು ಪದವನ್ನು ಈ ಕಡೆಯಿಂದ ಆ ಕಡೆಗೆ ಒಯ್ಯುವಾಗ ಚಿಹ್ನೆ ಬದಲಿಸುವುದನ್ನು ಮರೆಯುತ್ತಿದ್ದಳು. ನಾಲ್ಕು ದಿನ ಹೇಳಿದೆ. ಐದನೇ ದಿನ ಅವಳೇ ಹಂಚಿನ ಕಡೆ ಕೈ ತೋರಿಸಿ, "ಓ, ಮಗುಚಿದ್ರೆ ಬಣ್ಣ ಬದಲಾಗತ್ತಲ್ಲ, ಹಾಗಾ?" ಎಂದಳು. ಆಮೇಲೆ ಮರೆಯಲಿಲ್ಲ.

ಪಡ್ಡು ತಿನ್ನಲು ಬಂದವರು ನಮ್ಮ ಪಾಠಕ್ಕೂ ಕಿವಿ ಕೊಡುತ್ತಿದ್ದರು. "ಸಸ್ಯಕ್ಕೂ ಉಸಿರಾಟ ಇದ್ಯೇನ್ರಮ್ಮ?" ಎಂದು ಅಪ್ಪನ ಜೊತೆ ಕೆಲಸ ಮಾಡುವ ಒಬ್ಬರು ಒಮ್ಮೆ ಬಹಳ ಗಂಭೀರವಾಗಿ ಕೇಳಿದ್ದರು. ಎಂಟಕ್ಕೆ ಪುಸ್ತಕ ಮುಚ್ಚಿದರೆ ಸೆಲ್ವಿಯ ಅಮ್ಮ, "ಸಾಪ್ಟು ಪೋಮ್ಮಾ", ತಿಂದು ಹೋಗಮ್ಮ, ಎಂದು ಹಂಚಿನ ಕೊನೆಯ ಪಡ್ಡುಗಳನ್ನು ಎಲೆಗೆ ಹಾಕಿಕೊಡುತ್ತಿದ್ದರು. ಅಷ್ಟು ಬಿಸಿಯಾದ, ಅಷ್ಟು ಹುಳಿಯಾದ ಪಡ್ಡನ್ನು ನಾನು ಮತ್ತೆಲ್ಲೂ ತಿಂದಿಲ್ಲ. ಇದನ್ನು ಹೇಳುವಾಗ ನನ್ನ ನಿರ್ಲಿಪ್ತತೆ ಸ್ವಲ್ಪ ಸಡಿಲವಾಗುತ್ತದೆ, ಕ್ಷಮಿಸಬೇಕು.

ಬೋರ್ಡಿನಲ್ಲಿ ಅಂಕಿ ಏರಿತು. ಹತ್ತು, ಇಪ್ಪತ್ತು, ಮೂವತ್ತು. ಮೂವತ್ತು ದಾಟಿದ ಮೇಲೆ ಅದನ್ನು ನೋಡಲು ಜನ ಬರತೊಡಗಿದರು. ಹೆಡ್‌ಮಾಸ್ಟ್ರು ಬೇರೆ ಶಾಲೆಯ ಮೇಷ್ಟ್ರುಗಳನ್ನು ಕರೆತಂದು ತೋರಿಸಿದರು. ಒಂದು ದಿನ ಯಾರೋ ಅಧಿಕಾರಿಗಳೂ ಬಂದು, "ಅಂಕಿ ಬದಲಿಸೋದು ಯಾರಮ್ಮ?" ಎಂದು ಕೇಳಿ ನನ್ನ ಬೆನ್ನು ತಟ್ಟಿದರು. ಮಿಸ್ ಕಿಟಕಿಯ ಪಕ್ಕ ನಿಂತು ನಗುತ್ತಿದ್ದರು. ಸೊನ್ನೆ ಬಿದ್ದರೆ ಏನು ಮಾಡುತ್ತೀರೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾವು ಮೋರಿಕಟ್ಟೆಯ ಕಥೆ ಹೇಳುತ್ತಿದ್ದೆವು.

ಆ ಹೊತ್ತಿಗೆ ಮೋರಿಕಟ್ಟೆ ಖಾಲಿಯಾಗುತ್ತ ಬಂದಿತ್ತು. ಗೀತಾಳನ್ನು ಮನೆಯವರು ಟ್ಯೂಷನ್‌ಗೆ ಹಾಕಿದರು. ಇರ್ಫಾನ್‌ಗೆ ಚಳಿಯಲ್ಲಿ ತಟ್ಟೆ ತೊಳೆದು ಕೆಮ್ಮು ಹಿಡಿಯಿತು. ಅವನ ಅಮ್ಮಿ ಹೊರಗೆ ಬಿಡಲಿಲ್ಲ. ನನ್ನ ಅಮ್ಮ, "ಗಂಡಸ್ರು ಓಡಾಡೋ ಜಾಗ್ದಲ್ಲಿ ದಿನಾ ಕೂತ್ಕೊಳ್ಳೋದು ಸಾಕು, ಜನ ಏನಂತಾರೆ" ಎಂದು ಒಮ್ಮೆ ಹೇಳಿದಳು. ಅವಳು ಬಲವಂತ ಮಾಡಲಿಲ್ಲ. ನನಗೇ ಬೇಸರ ಬಂದಿತ್ತು. ಚಳಿ, ಸೊಳ್ಳೆ, ಹೇಳಿದ್ದನ್ನೇ ಹೇಳುವುದು. ಇದಕ್ಕೆ ಬೇರೆ ಒಳ್ಳೆಯ ಹೆಸರು ಕೊಡಲು ನಾನು ಬಹಳ ವರ್ಷ ಪ್ರಯತ್ನಪಟ್ಟಿದ್ದೇನೆ, ಆಗಿಲ್ಲ. ಸೆಲ್ವಿಯ ಅಪ್ಪ ಇನ್ನೂ ಊರಿಂದ ಬಂದಿರಲಿಲ್ಲ.

"ನಾಳೆಯಿಂದ ನೀನೇ ಹೇಗಾದ್ರೂ ಓದ್ಕೋತೀಯಾ?" ಎಂದು ಕೇಳಿದೆ.

"ನೋಡ್ತೀನಿ" ಎಂದಳು ಸೆಲ್ವಿ.

ಬೋರ್ಡಿನಲ್ಲಿ ನಲವತ್ತೊಂದಿತ್ತು. ಮಾರನೇ ಬೆಳಿಗ್ಗೆ ನಾನು ಎಂದಿನಂತೆ ಬೋರ್ಡಿನ ಮುಂದೆ ನಿಂತು, "ನಿನ್ನೆ ಓದದೇ ಇದ್ದವರು?" ಎಂದು ಕೇಳಿದೆ. ಮಿಸ್ ಮೇಜಿನ ಹತ್ತಿರ ತಲೆ ತಗ್ಗಿಸಿ ಹಾಜರಿ ಪುಸ್ತಕ ತುಂಬುತ್ತಿದ್ದರು. ನನ್ನ ಬೆಂಚಿನ ಕಡೆಯಿಂದ ಮರದ ಸದ್ದು ಬಂತು. ಸೆಲ್ವಿ ಏಳುತ್ತಿದ್ದಳು. ಅರ್ಧ ಎದ್ದಿದ್ದಳು.

ನಾನು ಅವಳನ್ನು ನೋಡಿ ತಲೆಯಲ್ಲಾಡಿಸಿದೆ. ಬೇಡ ಎಂದು. ಆಮೇಲೆ ಒಂದರ ತಗಡು ತೆಗೆದು ಎರಡರ ತಗಡು ಹಾಕಿದೆ. ನಲವತ್ತೆರಡಾಯಿತು. ಸೆಲ್ವಿ ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತಿದ್ದು, ಕೂತಳು.

ಮಧ್ಯಾಹ್ನ ನಲ್ಲಿಯ ಹತ್ತಿರ ಊಟದ ಡಬ್ಬಿ ತೊಳೆಯುವಾಗ ಅವಳೇ ಮಾತೆತ್ತಿದಳು.

"ನಾನು ಓದಿರ್ಲಿಲ್ಲ ಶೈಲಾ."

"ಗೊತ್ತು."

"ಮತ್ತೆ ಸುಳ್ಳಾಗಲ್ವಾ?"

"ಎಲ್ಲಾರ್ದೂ ಸೇರಿ ಬಂದಿರೋ ನಂಬರು ಸೆಲ್ವಿ. ನಿನ್ ಒಬ್ಬಳಿಂದ ಯಾಕೆ ಒಡೀಬೇಕು? ನಮ್ಮಪ್ಪ ಬೆರಳು ಜಜ್ಜಿಕೊಂಡಾಗ್ಲೂ ಬೋರ್ಡ್ ಒಡೀಲಿಲ್ಲ, ಗೊತ್ತಾ? ಜ್ವರ ಅಂತ ಹೇಳಿ ಮನೇಲಿದ್ರು. ಒಂದ್ ದಿನ ತಾನೆ. ಸುಮ್ನೆ ಕೂತ್ಕೊಂಡ್ ಬಿಡು."

ಅವಳು ಡಬ್ಬಿಯ ಮುಚ್ಚಳವನ್ನು ಎರಡನೇ ಸಲ ತೊಳೆದಳು. "ಸರಿ" ಎಂದಳು.

ಅದರ ನಂತರ ಸೆಲ್ವಿ ಒಂದು ದಿನವೂ ಏಳಲಿಲ್ಲ. "ಓದ್ತಿದೀಯಲ್ಲ?" ಎಂದು ಎರಡು ಮೂರು ಸಲ ಕೇಳಿದ್ದೆ. ಹ್ಞೂಂ ಎಂದು ಗೋಣು ಹಾಕಿದಳು. ನನಗೆ ಅಷ್ಟೇ ಸಾಕಾಗಿತ್ತು. ಮೋರಿಯ ರಸ್ತೆಯ ಕಡೆ ನಾನು ಹೋಗುವುದನ್ನೇ ಬಿಟ್ಟೆ. ಅಪ್ಪನಿಗೆ ಮರೆತ ಬುತ್ತಿ ಕೊಡಬೇಕಾಗಿ ಬಂದ ಒಂದು ದಿನವೂ ಸುತ್ತುಹಾಕಿ ಬೇರೆ ದಾರಿಯಲ್ಲಿ ಹೋದೆ.

ಫೆಬ್ರವರಿಯಲ್ಲಿ ಎಪ್ಪತ್ತೈದು ಮುಟ್ಟಿತು. ಒಂದು ಭಾನುವಾರ ಬಸ್ಸಿನಲ್ಲಿ ಎಲ್ಲರೂ ಸಕ್ರೆಬೈಲಿಗೆ ಹೋದೆವು. ಆನೆಗಳು ತುಂಗೆಯ ನೀರಿನಲ್ಲಿ ಮಗ್ಗುಲಾಗಿ ಮಲಗಿದ್ದವು. ಮಾವುತರು ಅವುಗಳ ಮೇಲೆ ಹತ್ತಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಸೆಲ್ವಿಯ ಅಮ್ಮ ಎರಡು ದೊಡ್ಡ ಸ್ಟೀಲ್ ಡಬ್ಬಿ ತುಂಬ ಪಡ್ಡು ಕಳಿಸಿದ್ದರು. ನದಿಯ ದಂಡೆಯಲ್ಲಿ ಕೂತು ಎಲ್ಲರೂ ತಿಂದೆವು. ಮಿಸ್ ಮೂರು ತಿಂದು, "ಯಾರಮ್ಮ ಮಾಡಿದ್ದು? ಇಷ್ಟು ದಿನ ನನಗ್ಯಾಕೆ ಹೇಳ್ಲಿಲ್ಲ?" ಎಂದರು. ಸೆಲ್ವಿ ನಕ್ಕಳು. ಆಮೇಲೆ ಲಂಗ ಎತ್ತಿ ಹಿಡಿದು ಮೊಣಕಾಲು ಮುಳುಗುವಷ್ಟು ನೀರಿಗಿಳಿದು ಒಂದು ಮರಿಯಾನೆಯನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದಳು. ನಾನು ಪಕ್ಕಕ್ಕೆ ಹೋಗಿ ನಿಂತೆ. ಚೆನ್ನಾಗಿದೆಯಲ್ಲ ಎಂದೆ. "ಚೆನ್ನಾಗಿದೆ" ಎಂದಳು. ನಮ್ಮಿಬ್ಬರ ಮಧ್ಯೆ ಆ ದಿನ ನಡೆದ ಮಾತು ಅಷ್ಟೇ.

ಪರೀಕ್ಷೆ ಆಯಿತು. ಫಲಿತಾಂಶದ ದಿನ ಶಾಲೆಯ ಗೋಡೆಗೆ ಪಟ್ಟಿ ಅಂಟಿಸಿದ್ದರು. ಮೂವತ್ತೆಂಟರಲ್ಲಿ ಮೂವತ್ತೇಳು ಜನ ಪಾಸು. ಆ ಶಾಲೆ ಅಂಥ ಫಲಿತಾಂಶ ಕಂಡಿರಲಿಲ್ಲ. ಇರ್ಫಾನ್ ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗಿ, ಪಟ್ಟಿಯಲ್ಲಿ ಇರುವುದು ತನ್ನ ಹೆಸರೇ ಹೌದೋ ಎಂದು ನಾಲ್ಕು ಜನರ ಹತ್ತಿರ ಓದಿಸಿದ. ಹೆಡ್‌ಮಾಸ್ಟ್ರು ಮೈಸೂರುಪಾಕು ತರಿಸಿದ್ದರು. ಸೆಲ್ವಿಗೆ ಗಣಿತದಲ್ಲಿ ಇಪ್ಪತ್ತೆರಡು. ಉಳಿದೆಲ್ಲದರಲ್ಲೂ ಪಾಸಾಗಿದ್ದಳು.

ಅವಳು ಪಟ್ಟಿ ನೋಡಿ, ಯಾರೂ ಏನೂ ಹೇಳುವ ಮೊದಲೇ, ಮೈಸೂರುಪಾಕಿನ ತಟ್ಟೆ ಹಿಡಿದು ಎಲ್ಲರಿಗೂ ಹಂಚತೊಡಗಿದಳು. ಕೈಗೆ ಏನಾದರೂ ಕೆಲಸ ಬೇಕಾಗಿತ್ತೇನೋ.

ಮಿಸ್ ನಮ್ಮನ್ನೆಲ್ಲ ಕ್ಲಾಸಿಗೆ ಕರೆದರು. ಬೋರ್ಡಿನಲ್ಲಿ ಇನ್ನೂ ಕೊನೆಯ ಅಂಕಿ ಹಾಗೇ ಇತ್ತು. ಅದರ ಪಕ್ಕ ನಿಂತು ಹೇಳಿದರು: "ಇಷ್ಟು ದಿನ ಬಿಡದೆ ಓದಿದ ಹುಡುಗಿ ಫೇಲಾಗ್ತಾಳೆ ಅಂದ್ರೆ ಅದು ಅವಳ ತಪ್ಪಲ್ಲ. ನನ್ನ ಪಾಠದ ತಪ್ಪು." ಹೇಳುವಾಗ ನನ್ನ ಕಡೆ ನೋಡುತ್ತಿದ್ದರು.

ನಾನು ಡೆಸ್ಕಿನ ಮೇಲೆ ಯಾರೋ ಕೈವಾರದಿಂದ ಕೊರೆದ ಹೆಸರನ್ನು ಓದುತ್ತ ಕೂತೆ. ಎದ್ದು ನಿಂತು ಒಂದು ಮಾತು ಹೇಳಬೇಕಿತ್ತು. ಸೆಲ್ವಿಯೂ ಹೇಳಲಿಲ್ಲ. ಅವಳು ಹೇಳಿದರೆ ನನ್ನ ಹೆಸರು ಬರುತ್ತಿತ್ತು.

ಅಂದು ಸಂಜೆ, ತಿಂಗಳುಗಟ್ಟಲೆ ಹೋಗದೆ ಇದ್ದ ಗಾಡಿಯ ಹತ್ತಿರ ಹೋದೆ. ಸೆಲ್ವಿ ಒಬ್ಬಳೇ ಹಂಚಿಗೆ ಎಣ್ಣೆ ಸವರುತ್ತಿದ್ದಳು. ನನ್ನನ್ನು ನೋಡಿ ಏನೂ ಆಗಿಲ್ಲವೆಂಬಂತೆ ತಟ್ಟೆ ಮುಂದಿಟ್ಟಳು.

"ನನ್ನಿಂದ ಆಯ್ತು ಸೆಲ್ವಿ" ಎಂದೆ.

"ಬಿಡು ಮಾರಾಯ್ತಿ, ಕೋಪ ಏನಿಲ್ಲ." ಅವಳು ಪಡ್ಡು ಮಗುಚುವುದನ್ನು ನಿಲ್ಲಿಸಲಿಲ್ಲ. "ಸೊನ್ನೆ ಬಿದ್ರೆ ನೀವೆಲ್ಲ ಬರ್ತೀರ ಅಂತ ಗೊತ್ತಿತ್ತು. ಮೊದ್ಲು ಬಂದಿದ್ರಲ್ಲ. ಅದಕ್ಕೇ ಆವತ್ತು ಎದ್ದೆ. ನೀನು ಬೇಡ ಅಂದೆ. ಆಮೇಲೆ ನಂಬರ್ ಏರ್ತಾನೇ ಇತ್ತು, ಯಾರ್ ಬರ್ತಾರೆ?"

ಆ ವಯಸ್ಸಿನಲ್ಲಿ ಅಳು ಬಂದರೆ ಖಾರದ ಚಟ್ನಿಯ ಮೇಲೆ ಹಾಕಿ ಪಾರಾಗಬಹುದಿತ್ತು. ಹಾಗೇ ಮಾಡಿದೆ. ಮರುಪರೀಕ್ಷೆಗೆ ಪ್ರತಿ ಭಾನುವಾರ ಬಂದು ಹೇಳಿಕೊಡುತ್ತೇನೆಂದು ಮಾತು ಕೊಟ್ಟೆ. ಪಿಯುಸಿಗೆ ನನ್ನನ್ನು ಶಿವಮೊಗ್ಗದಲ್ಲಿ ಅತ್ತೆಯ ಮನೆಯಲ್ಲಿ ಬಿಟ್ಟರು. ಎರಡು ಭಾನುವಾರ ಹೋದೆ. ಮೂರನೇ ಭಾನುವಾರ ಹೋಗಲಿಲ್ಲ, ನಾಲ್ಕನೆಯದಕ್ಕೂ ಇಲ್ಲ. ಆಮೇಲೊಮ್ಮೆ ಹೋದಾಗ ಮೋರಿಯ ಪಕ್ಕ ಗಾಡಿ ಇರಲಿಲ್ಲ. ಸೆಲ್ವಿಯ ಅಪ್ಪನಿದ್ದ ಕಡೆಗೇ ಎಲ್ಲರೂ ಹೊರಟುಹೋದರೆಂದು ಅಕ್ಕಪಕ್ಕದವರು ಹೇಳಿದರು. ಊರಿನ ಹೆಸರು ಕೇಳಿದರೆ ಒಬ್ಬರು ಒಂದು ಹೇಳಿದರು, ಇನ್ನೊಬ್ಬರು ಇನ್ನೊಂದು.

ಈಗ ಶಿವಮೊಗ್ಗದ ಸವಳಂಗ ರಸ್ತೆಯ ಪಕ್ಕದ ಬಡಾವಣೆಯಲ್ಲಿ ನನ್ನ ಮನೆ. ಮಗಳು ಒಂಬತ್ತನೇ ಕ್ಲಾಸು. ಅವಳ ಶಾಲೆಯಲ್ಲೂ ಎಲ್ಲರೂ ಸೇರಿ ಓದುವ ಗುರಿಯೊಂದು ಇದೆ. ಎಂಟು ಗಂಟೆಗೆ ಫೋನಿನ ಗ್ರೂಪಿನಲ್ಲಿ ತಂದೆತಾಯಂದಿರು ಮಗು ಓದಿತೆಂದು ಹಸಿರು ಗುರುತು ಒತ್ತಬೇಕು. ತಿಂಗಳುಗಟ್ಟಲೆ ನಲವತ್ತು ಮನೆಯಿಂದ ನಲವತ್ತು ಹಸಿರು ಗುರುತು ಬರುತ್ತಿವೆ. ಒಮ್ಮೆ ಒಬ್ಬ ತಾಯಿ, ತನ್ನ ಮಗ ವಾರದಿಂದ ಪುಸ್ತಕ ಮುಟ್ಟಿಲ್ಲ, ಏನು ಮಾಡಲಿ ಎಂದು ಬರೆದರು. ಅದಕ್ಕೆ ಹದಿನಾರು ಜನ ಕೈಮುಗಿಯುವ ಚಿತ್ರ ಹಾಕಿದರು. ಆ ಹದಿನಾರರಲ್ಲಿ ನಾನೂ ಒಬ್ಬಳು. ಹುಡುಗನ ಮನೆ ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ ಸಿಗುತ್ತದೆ. ಮರುದಿನ ಆ ತಾಯಿಯೂ ಹಸಿರು ಗುರುತು ಒತ್ತಿದರು.

ಕಳೆದ ತಿಂಗಳು ದುರ್ಗಿಗುಡಿಯಲ್ಲಿ ಔಷಧಿ ಅಂಗಡಿಯ ಮುಂದೆ ವಿಶಾಲಾಕ್ಷಿ ಮಿಸ್ ಸಿಕ್ಕಿದರು. ನಿವೃತ್ತರಾಗಿ ಎಷ್ಟೋ ಕಾಲವಾಗಿದೆ. ಸೀರೆಯ ಇಸ್ತ್ರಿ ಮಾತ್ರ ಹಾಗೇ ಇದೆ. ಈ ಮೊದಲೂ ಎರಡು ಸಲ ಸಿಕ್ಕಿದ್ದರು, ಎರಡು ಸಲವೂ ಹೇಳಬೇಕೆಂದುಕೊಂಡು ಹೇಳದೆ ಬಂದಿದ್ದೆ. ಈ ಸಲ ಪಕ್ಕದ ಹೋಟೆಲಿಗೆ ಕರೆದೊಯ್ದು, ಕಾಫಿ ಬರುವ ಮೊದಲೇ ಹೇಳಿಬಿಟ್ಟೆ. ನಲವತ್ತೆರಡನೇ ದಿನದ ವಿಷಯ, ಸೆಲ್ವಿ ಎದ್ದದ್ದು, ನಾನು ತಲೆಯಲ್ಲಾಡಿಸಿದ್ದು.

ಮಿಸ್ ಆಶ್ಚರ್ಯಪಡಲಿಲ್ಲ.

"ಬೆಂಚಿನ ಸದ್ದು ನನಗೂ ಕೇಳಿಸಿತ್ತು ಕಣೇ. ತಲೆ ಎತ್ತಿ ನೋಡಿದ್ದೆ. ಹುಡುಗಿ ಅರ್ಧ ಎದ್ದಿದ್ಲು, ನೀನು ಅಂಕಿ ಹಾಕ್ತಿದ್ದೆ."

"ಮತ್ತೆ ಯಾಕೆ ಮಿಸ್ ಸುಮ್ನಿದ್ರಿ?"

"ಹಿಂದಿನ ವಾರ ಅಷ್ಟೇ ಅಧಿಕಾರಿಗಳು ಬಂದು ಹೋಗಿದ್ರು. ಹೆಡ್‌ಮಾಸ್ಟ್ರು ಊರಿಗೆಲ್ಲ ಹೇಳ್ಕೊಂಡ್ ಬರ್ತಿದ್ರು. ನನಗೂ ಸೊನ್ನೆ ಬೇಡವಾಗಿತ್ತು." ಲೋಟ ಬಂತು. ಅವರು ಅದನ್ನು ಮುಟ್ಟಲಿಲ್ಲ. "ರಿಸಲ್ಟಿನ ದಿನ ನನ್ನ ಪಾಠದ ತಪ್ಪು ಅಂದಿದ್ದು ನಿನ್ನ ಮುಖ ನೋಡೋಕೆ. ನೀನು ಬಾಯಿ ಬಿಡ್ತೀಯೇನೋ ಅಂತ. ಆಮೇಲೆ ಅನ್ನಿಸ್ತು, ದೊಡ್ಡವಳು ನಾನೇ ಬಿಟ್ಟಿಲ್ಲ, ಹದಿನೈದು ವರ್ಷದ ಮಗು ಯಾಕೆ ಬಿಡ್ಬೇಕು?"

ಆಗ ಸೆಲ್ವಿ ಗಾಡಿಯ ಹತ್ತಿರ ಹೇಳಿದ ಮಾತನ್ನು ನಾನು ಅವರಿಗೆ ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು. ಸುತ್ತಲೂ ಟಿಫಿನ್ನಿನ ಗದ್ದಲವಿತ್ತು.

"ಈಗೆಲ್ಲಿದಾಳೆ ಅವಳು?" ಎಂದು ಕೇಳಿದರು.

"ಗೊತ್ತಿಲ್ಲ ಮಿಸ್. ಇರ್ಫಾನ್, ಗೀತಾ ಎಲ್ಲರನ್ನೂ ಕೇಳಿದೀನಿ. ಯಾರಿಗೂ ಗೊತ್ತಿಲ್ಲ."

ಉಳಿದ ಮೂವತ್ತಾರು ಜನರ ವಿಳಾಸವೂ ನನ್ನ ಫೋನಿನಲ್ಲಿದೆ. ಯಾರ ಮಗ ಯಾವ ಕ್ಲಾಸು, ಯಾರಿಗೆ ಸಕ್ಕರೆ ಕಾಯಿಲೆ ಎಂಬುದೂ ಗೊತ್ತು.

"ಆವತ್ತು ಸೊನ್ನೆ ಹಾಕಿದ್ದಿದ್ರೆ ಅವಳೆಲ್ಲಿದಾಳೆ ಅಂತ ಗೊತ್ತಿರ್ತಿತ್ತು" ಎಂದರು ಮಿಸ್.